ಗೇಟಿನಾಚೆ ನಿಂತ ಶೈಲಜಾ ಮೇಡಂ

ಹೋದ ವರ್ಷ ಆಷಾಢ ಮುಗಿಯುವ ಹೊತ್ತಿಗೆ ರಾಮನಗರದಲ್ಲಿ ಶಿಕ್ಷಕರಿಗೆ ಎರಡು ದಿನದ ತರಬೇತಿ ಇಟ್ಟಿದ್ದರು. ಜೊತೆ ಕೆಲಸ ಮಾಡುವವರ ನಡುವೆ ಮನಸ್ತಾಪ ಬಂದರೆ ನಿಭಾಯಿಸುವುದು ಹೇಗೆ ಎಂಬುದು ವಿಷಯ. ನಾನು ಚನ್ನಪಟ್ಟಣ ತಾಲ್ಲೂಕಿನ ಒಂದು ಹಳ್ಳಿ ಶಾಲೆಯ ಟೀಚರ್. ನಮ್ಮ ಹೆಡ್‌ಮಾಸ್ಟರು ನನ್ನನ್ನೂ ಶೈಲಜಾ ಮೇಡಂ ಅವರನ್ನೂ ಕರೆದು, "ನೀವಿಬ್ರೂ ಹೋಗ್ಬನ್ನಿ. ನಿಮಗೋಸ್ಕರಾನೇ ಮಾಡವ್ರೆ ಅನ್ನೋ ಹಂಗೈತೆ" ಎಂದರು.

ಅವರ ಮಾತು ಸುಳ್ಳಲ್ಲ. ಶೈಲಜಾ ಮೇಡಂ ಬಾಗಲಕೋಟೆ ಕಡೆಯಿಂದ ವರ್ಗವಾಗಿ ಬಂದವರು. ಹೊಸತರಲ್ಲಿ ನನ್ನ ಜೊತೆಯೇ ಊಟ ಮಾಡುತ್ತಿದ್ದರು. ಎರಡೇ ತಿಂಗಳಿಗೆ ಅದೇನಾಯಿತೋ, ಡಬ್ಬಿ ತೆಗೆದುಕೊಂಡು ಹೋಗಿ ಒಂದನೇ ಕ್ಲಾಸಿನಲ್ಲಿ ಒಬ್ಬರೇ ಕೂರತೊಡಗಿದರು. ನಾನೂ ಕಡಿಮೆಯೇನಲ್ಲ, ಯಾಕೆಂದು ಕೇಳಲೇ ಇಲ್ಲ. ಏನಾದರೂ ಹೇಳಬೇಕಿದ್ದರೆ ಬಿಸಿಯೂಟದ ಅಡುಗೆಯವರ ಕೈಲಿ ಹೇಳಿ ಕಳಿಸುತ್ತಿದ್ದೆವು. ಕೊನೆಗೆ ಅವರು ಬೇರೆ ಶಾಲೆಗೆ ಹೋಗಲು ಅರ್ಜಿ ಬರೆದಿದ್ದಾರೆಂದು ಗೊತ್ತಾಯಿತು. ಐದು ಕ್ಲಾಸಿಗೆ ನಾವಿರುವುದೇ ಮೂವರು. ಲೆಕ್ಕ ಎಂದರೆ ಅಳುತ್ತಿದ್ದ ಮಕ್ಕಳು ಅವರು ಬಂದ ಮೇಲೆ ಬೋರ್ಡಿನ ಹತ್ತಿರ ಓಡುತ್ತಿದ್ದವು. ನನಗೆ ಸಂಕಟವಾದರೂ ಜಂಬ ಬಿಡಲಿಲ್ಲ.

ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಹೋದೆವು. ಮೊದಲ ದಿನವೆಲ್ಲ ನಾನು ತೂಕಡಿಸಿದೆ. ಎರಡನೇ ದಿನ ತರಬೇತಿ ಕೊಡುವ ಮೇಡಂ ಒಂದೇ ಶಾಲೆಯವರನ್ನು ಜೋಡಿ ಮಾಡಿ, "ನಿಮಗೆ ಬೇಜಾರಾದ ಒಂದು ಸಂಗತಿ ಮಾಡಿ ತೋರಿಸಿ. ಆದರೆ ನೀವು ಅವರಾಗಬೇಕು, ಅವರು ನೀವಾಗಬೇಕು" ಎಂದರು.

ಶೈಲಜಾ ಮೇಡಂ ನನ್ನನ್ನು ಹಾಲ್‌ನಿಂದ ಹೊರಗೆ ನಿಲ್ಲಿಸಿ, ಕೈಗೊಂದು ಕಾಗದ ಕೊಟ್ಟರು. ಬಾಗಿಲು ಅರ್ಧ ಮುಚ್ಚಿ ಥೇಟ್ ನನ್ನ ಧಾಟಿಯಲ್ಲಿ, "ಒಳಿಕ್ ಬರ್ಬೇಡಿ ಮೇಡಂ, ಹುಳ ಐತೆ. ಅಲ್ಲಿಂದ್ಲೇ ಕೊಡಿ" ಎಂದು ಕಾಗದ ಇಸಿದುಕೊಂಡು ಬಾಗಿಲು ಹಾಕಿಬಿಟ್ಟರು. ಒಳಗೆ ಎಲ್ಲರೂ ನಕ್ಕರು. ಅಲ್ಲಿದ್ದ ಅರ್ಧ ಜನರ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ನಾನೂ ನಕ್ಕೆ. ಆಮೇಲೆ ಆ ಮುಚ್ಚಿದ ಬಾಗಿಲ ಮುಂದೆ ಒಬ್ಬಳೇ ನಿಂತಾಗ ಎಲ್ಲ ನೆನಪಾಯಿತು.

ಅವರು ಮಗಳ ಮೊದಲ ಹುಟ್ಟುಹಬ್ಬಕ್ಕೆ ಕರೆಯಲು ನಮ್ಮ ಮನೆಗೆ ಬಂದಿದ್ದರು. ಮಟಮಟ ಮಧ್ಯಾಹ್ನ, ಕಂಕುಳಲ್ಲಿ ಮಗು, ಮುಡಿಯಲ್ಲಿ ಮಲ್ಲಿಗೆ. ನಾನು ಗೇಟಿನಲ್ಲೇ ಕಾರ್ಡು ಇಸಿದುಕೊಂಡು ಕಳಿಸಿಬಿಟ್ಟಿದ್ದೆ. ಹುಳ ಇದ್ದಾಗ ಹೊರಗಿನವರನ್ನು ನಾವು ಒಳಗೆ ಬಿಡುವುದಿಲ್ಲ. ರೋಗ ತಗುಲೀತೆಂಬ ಭಯ, ಹೂವಿನ ಘಮವೂ ಹುಳಕ್ಕೆ ಆಗದು ಎನ್ನುತ್ತಾರೆ ನಮ್ಮತ್ತೆ. ಅಕ್ಕಪಕ್ಕದವರಾದರೆ ತಾವಾಗಿಯೇ ಗೇಟಿನಲ್ಲಿ ನಿಲ್ಲುತ್ತಾರೆ. ಹುಟ್ಟುಹಬ್ಬದ ದಿನವೇ ಹುಳ ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ಗಡಿಬಿಡಿ. ನಾನು ಹೋಗಲಿಲ್ಲ. ಮಾರನೆಯ ದಿನ ಹೇಳುವುದನ್ನೂ ಮರೆತೆ.

ಬಾಗಿಲು ತೆರೆದ ಶೈಲಜಾ ಮೇಡಂ ಈಗ ತಮ್ಮದೇ ದನಿಯಲ್ಲಿ ಹೇಳಿದರು. "ಹುಳದ ವಿಚಾರ ನನಗ ಆಮ್ಯಾಲೆ ತಿಳೀತ್ರಿ. ಅದಕ್ಕ ಸಿಟ್ಟಿಲ್ಲ. ಆದ್ರ ಈ ಊರಾಗ ಮನಿ ತನಕ ಬಂದು ಕರದದ್ದು ನಿಮ್ಮೊಬ್ಬರನ್ನ. ನೀವು ಬರಲಿಲ್ಲ. ಯಾಕ ಬರಲಿಲ್ಲ ಅಂತ ಒಂದು ಮಾತೂ ಹೇಳಲಿಲ್ಲ."

ನಗು ನಿಂತಿತ್ತು. ಹುಳ, ಚಂದ್ರಿಕೆ ಎಂದು ನೆಪ ಹೇಳಲು ಬಾಯಿ ತೆರೆದವಳು ಅದನ್ನು ಬಿಟ್ಟು ಅವರ ಕೈ ಹಿಡಿದುಕೊಂಡೆ. "ತಪ್ಪಾಯ್ತು ಮೇಡಂ. ಮಗೂನ ಎತ್ಕೊಂಡು ಬಿಸಿಲಲ್ಲಿ ನಿಂತಿದ್ರಿ, ಒಂದು ಲೋಟ ನೀರೂ ಕೊಡ್ಲಿಲ್ಲ ನಾನು" ಎಂದೆ. ಅಷ್ಟು ಜನರ ಮುಂದೆ ಇಬ್ಬರೂ ಅತ್ತೆವು.

ವಾಪಸ್ ಬರುವಾಗ ಒಂದೇ ಸೀಟಿನಲ್ಲಿ ಕೂತೆವು. ಅರ್ಜಿ ಏನಾಯಿತೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಸೋಮವಾರ ಮಧ್ಯಾಹ್ನ ಅವರ ಡಬ್ಬಿ ನನ್ನ ಡಬ್ಬಿಯ ಪಕ್ಕದಲ್ಲಿತ್ತು. ಅರ್ಜಿ ಹರಿದು ಹಾಕಿದರಂತೆ, ಅಡುಗೆಯವರೇ ಹೇಳಿದರು.

ಈಗ ನಮ್ಮ ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಎರಡು ಕುರ್ಚಿ ಹಾಕಿಸಿದ್ದೇನೆ. ಹುಳ ಇದ್ದಾಗ ಯಾರೇ ಬಂದರೂ ನಾನೇ ಹೊರಗೆ ಹೋಗಿ ಕೂರುತ್ತೇನೆ. ಶೈಲಜಾ ಮೇಡಂ ಮಾತ್ರ ಕೂರುವ ಮೊದಲು ಮುಡಿದ ಹೂವನ್ನು ತೆಗೆದು ಗೇಟಿಗೆ ಸಿಕ್ಕಿಸುತ್ತಾರೆ. ಹೊರಗೇ ಕೂತಿದ್ದೀವಲ್ಲ, ಬೇಡವೆಂದರೂ ಕೇಳುವುದಿಲ್ಲ. ಹೊರಡುವಾಗ ಆ ಹೂವನ್ನು ನಾನೇ ಅವರಿಗೆ ಮುಡಿಸಿ ಕಳಿಸುತ್ತೇನೆ.