ಆರೋಗ್ಯವಂತರ ರಕ್ತ

ಬ್ರಿಸ್ಬೇನಿನಲ್ಲಿದ್ದಾಗ ಬೆಳಿಗ್ಗೆ ಹೃದ್ರೋಗಿಗಳನ್ನು ನೋಡುತ್ತಿದ್ದೆ, ಮಧ್ಯಾಹ್ನ ಲ್ಯಾಬಿನಲ್ಲಿ ಕೂತು ಅವರ ರಕ್ತವನ್ನು. ಹೃದಯಾಘಾತವಾದ ಕೆಲವರಲ್ಲಿ ಬಿಳಿ ರಕ್ತಕಣಗಳಿಗೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಅಂಟಿಕೊಂಡು, ತಿಂಗಳುಗಳಾದರೂ ಬಿಡುತ್ತಿರಲಿಲ್ಲ. ಹೆಚ್ಚಾಗಿ ಅಂಥವರೇ ಮತ್ತೆ ಆಸ್ಪತ್ರೆ ಸೇರುತ್ತಿದ್ದರು. ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕಿತ್ತು. ಯಾರೂ ಸಿಗದ ದಿನ ನನ್ನ ತೋಳನ್ನೇ ನರ್ಸ್ ಮುಂದೆ ಚಾಚುತ್ತಿದ್ದೆ.

ಲ್ಯಾಬಿನ ಮುಖ್ಯಸ್ಥರಿಗೆ ಈ ರಕ್ತಕಣಗಳ ಚಿತ್ರಗಳನ್ನು ತೋರಿಸಿದೆ. ಕನ್ನಡಕವನ್ನು ಹಣೆಗೇರಿಸಿ, "ಇದು ರಕ್ತ ತೆಗೆಯುವಾಗ ಆದ ಎಡವಟ್ಟು. ಬಿಟ್ಟುಬಿಡು" ಎಂದರು. ನಾನು ನಂಬಲಿಲ್ಲ, ವಾದಿಸಲೂ ಇಲ್ಲ. ನನ್ನ ಕೆಲಸದ ಅವಧಿ ಮುಗಿಯಿತು. ನೋಟ್‌ಬುಕ್ಕುಗಳನ್ನು ನಿಯಮದಂತೆ ಅಲ್ಲೇ ಒಪ್ಪಿಸಿ, ಪರ್ತ್‌ನ ಆಸ್ಪತ್ರೆಯೊಂದಕ್ಕೆ ಸೇರಿದೆ. ಆ ಊರಿನ ಹೊರವಲಯದ ಎಲೆನ್‌ಬ್ರೂಕ್‌ನಲ್ಲಿ ನಾನೂ ಗಂಡನೂ ಮನೆ ಮಾಡಿದೆವು.

ಮೂರು ವರ್ಷಗಳ ನಂತರ ಅಡಿಲೇಡಿನ ಸಮ್ಮೇಳನವೊಂದರಲ್ಲಿ ಆ ಮುಖ್ಯಸ್ಥರ ಭಾಷಣವಿತ್ತು. ಪರದೆಯ ಮೇಲೆ ನಾನು ತೆಗೆದ ಚಿತ್ರಗಳೇ ಒಂದೊಂದಾಗಿ ಬಂದವು. "ಇದು ಆರೋಗ್ಯವಂತರ ರಕ್ತ" ಎಂದು ಅವರು ತೋರಿಸಿದ್ದು ನನ್ನ ರಕ್ತವನ್ನು. ನೆರವಾದವರ ಪಟ್ಟಿಯ ಕೊನೆಯಲ್ಲಿ ನನ್ನ ಹೆಸರಿತ್ತು, ಅದರಲ್ಲೂ ಒಂದು ಅಕ್ಷರ ತಪ್ಪು.

ಪ್ರಶ್ನೆಗಳ ಸಮಯದಲ್ಲಿ ಮೈಕ್ ನನ್ನ ಕೈಗೆ ಬಂತು. ಎದ್ದು ನಿಂತೆ. ಇದೇ ವಿಷಯಕ್ಕೆ ನಾನು ಹಾಕಿದ್ದ ಸಂಶೋಧನಾ ಅನುದಾನದ ಅರ್ಜಿಯನ್ನು ನೋಡುವ ಸಮಿತಿಯಲ್ಲಿ ಇವರೂ ಇದ್ದಾರೆಂಬುದು ಆ ಕ್ಷಣದಲ್ಲೇ ನೆನಪಾಗಬೇಕೇ! "ರಕ್ತ ತೆಗೆದು ಎಷ್ಟು ಹೊತ್ತಿನೊಳಗೆ ಪರೀಕ್ಷಿಸಿದಿರಿ?" ಎಂದಷ್ಟೇ ಕೇಳಿದೆ.

"ಒಳ್ಳೆಯ ಪ್ರಶ್ನೆ" ಎಂದು ನಕ್ಕು, ನಾನೇ ರೂಪಿಸಿದ ವಿಧಾನವನ್ನು ನನಗೇ ವಿವರಿಸಿದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಹೊರಗೆ ಬಂದು ಗಂಡನಿಗೆ ಫೋನ್ ಮಾಡಿದೆ. "ಇದು ಯಾರ ಕೆಲ್ಸ ಅಂತ ಎಲ್ರ ಮುಂದೆ ಕೇಳ್ಬಿಡ್ಬೇಕಿತ್ತು ಕಣೇ" ಅಂದ.

"ಕೇಳಿದ್ರೆ ಗ್ರಾಂಟ್ ಹೋಗ್ತಿತ್ತು."

"ಈಗೇನು, ಬಂದೇಬಿಡುತ್ತಾ?"

ಬರಲಿಲ್ಲ. ಈ ವಿಷಯವನ್ನು ಬೇರೆಯವರು ಈಗಾಗಲೇ ಕಂಡುಹಿಡಿದಿದ್ದಾರೆ, ಹೊಸತೇನೂ ಇಲ್ಲ ಎಂದು ಸಮಿತಿ ಬರೆಯಿತು. ದೂರು ಕೊಡಬೇಕೆಂದು ಹೊರಟೆ, ಆದರೆ ಸಾಕ್ಷಿಯೆಂದು ತೋರಿಸಲು ನೋಟ್‌ಬುಕ್ಕುಗಳು ಮುಖ್ಯಸ್ಥರ ಬೀರುವಿನಲ್ಲೇ ಇದ್ದವು. ಆ ವರ್ಷವೇ ಸಂಶೋಧನೆ ಬಿಟ್ಟೆ. ಅವರ ಮೇಲಿದ್ದ ಸಿಟ್ಟಿಗಿಂತ, ಆ ಚಪ್ಪಾಳೆಗಾಗಿ ನನ್ನ ಮೇಲೆ ನನಗಿದ್ದ ಸಿಟ್ಟೇ ಹೆಚ್ಚು.

ಈಗ ಪರ್ತ್‌ನಲ್ಲಿ ರೋಗಿಗಳನ್ನು ನೋಡುವುದಷ್ಟೇ ನನ್ನ ಕೆಲಸ. ಕಳೆದ ತಿಂಗಳು ಮೈಸೂರಿನ ಅಂಕಲ್ ಒಬ್ಬರು ಬಂದಿದ್ದರು, ಎರಡು ಸಲ ಹೃದಯಾಘಾತವಾದವರು. "ನಂಗೇ ಯಾಕ್ ಡಾಕ್ಟ್ರೇ ಮತ್ತೆ ಮತ್ತೆ ಬರುತ್ತೆ?" ಎಂದು ಕೇಳಿದರು. ಕಾಗದದ ಮೇಲೆ ರಕ್ತಕಣಗಳನ್ನು ಬರೆದು ತೋರಿಸಿದೆ.

"ಎಷ್ಟ್ ಚೆನ್ನಾಗಿ ಹೇಳಿದ್ರಿ! ಇದನ್ನ ಕಂಡುಹಿಡಿದೋರು ಯಾರು?"

ಮುಖ್ಯಸ್ಥರ ಹೆಸರು ಹೇಳಿದೆ. ಮಗನಿಗೆ ತೋರಿಸಬೇಕೆಂದು ಅವರು ಅದನ್ನು ಬರೆದುಕೊಂಡರು.