ಅಲ್ಲಾಡಿದ ಮುತ್ತಾತ

ನಮ್ಮೂರು ಕಲ್ಯದ ಮರಿಯಪ್ಪನಿಗೆ ಹೊಲ, ಗದ್ದೆ, ತೆಂಗು ಎಲ್ಲಾ ಇತ್ತು. ಹಿರಿಯರದ್ದೊಂದು ಫೋಟೋ ಇರಲಿಲ್ಲ. ಫೋಟೋ ತೆಗೆಸಿದರೆ ಆಯುಸ್ಸು ಕಮ್ಮಿಯಾಗುತ್ತದೆ ಅಂತ ಅವನಪ್ಪ, ತಾತ ಕ್ಯಾಮೆರಾ ಕಂಡರೆ ಓಡುತ್ತಿದ್ದರು. ಹಾಗಂತ ಅವರೇನೂ ನೂರು ವರ್ಷ ಬಾಳಲಿಲ್ಲ. ಪಿತೃಪಕ್ಷ ಬಂದರೆ ದಾಯಾದಿ ವೆಂಕಟಯ್ಯನ ಮನೆಯಲ್ಲಿ ಹಿರಿಯರೆಲ್ಲ ಗಾಜಿನ ಹಿಂದೆ ಸಾಲಾಗಿ ಕೂತು ಎಡೆ ತಗೊಳ್ಳುವರು. ಮರಿಯಪ್ಪನ ಮನೆಯಲ್ಲಿ ಬರೀ ಕಳಸ. ಅವನಿಗೆ ಹೊಟ್ಟೆ ಉರಿಯುತ್ತಿತ್ತು.

ವೆಂಕಟಯ್ಯನನ್ನು ಮೀರಬೇಕಾದರೆ ಮುತ್ತಾತನೇ ಬೇಕು. ಯಾರೋ ಬಿಳಿ ದೊರೆ ಸಾವನದುರ್ಗದ ಫೋಟೋ ತೆಗೆಯುವಾಗ, ಬಂಡೆ ಎಷ್ಟೆತ್ತರ ಅಂತ ತೋರಿಸಲು, ದಾರಿಯಲ್ಲಿ ಹೋಗುತ್ತಿದ್ದ ಮುತ್ತಾತನನ್ನೂ ಅವನ ಒಂಟಿಕೊಂಬಿನ ಎತ್ತನ್ನೂ ಬುಡದಲ್ಲಿ ನಿಲ್ಲಿಸಿದ್ದನಂತೆ. ಮನೆತನದಲ್ಲಿ ಎಲ್ಲರಿಗೂ ಗೊತ್ತಿದ್ದ ಕಥೆ ಇದು.

ಎಪ್ಪತ್ತರ ದಶಕದಲ್ಲಿ ರಾಮನಗರದಲ್ಲಿ ಇತಿಹಾಸ ಸಂಶೋಧನೆಗೆಂದೇ ಒಂದು ಲೈಬ್ರರಿ ತೆರೆಯಿತು. ಅಲ್ಲಿ ನೂರು ವರ್ಷದ ಹಿಂದಿನ ಫೋಟೋಗಳಿವೆ ಅಂತ ಕೇಳಿದ್ದೇ ತಡ, ಮರಿಯಪ್ಪ ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದ. ಲೈಬ್ರರಿ ನೋಡಿಕೊಳ್ಳುತ್ತಿದ್ದ ಸರಸಮ್ಮನವರು ನಮ್ಮ ಕೈ ತೊಳೆಸಿ ಪೆಟ್ಟಿಗೆ ತೆರೆದರು.

ಸಾವನದುರ್ಗ ಸಿಕ್ಕಿತು. ಬುಡದಲ್ಲಿ ಒಂಟಿಕೊಂಬಿನ ಎತ್ತು, ಮೂಗುದಾರವೂ ಕಾಣುವಷ್ಟು ಚೊಕ್ಕವಾಗಿತ್ತು. ಪಕ್ಕದಲ್ಲಿ ಪಂಚೆ ಉಟ್ಟ ಮನುಷ್ಯ. ಕತ್ತಿನ ಮೇಲೆ ಬರೀ ಹೊಗೆ.

"ಆಗಿನ ಕ್ಯಾಮೆರಾಕ್ಕೆ ತುಂಬಾ ಹೊತ್ತು ಅಲ್ಲಾಡದೆ ನಿಲ್ಲಬೇಕಿತ್ತು. ಎತ್ತು ನಿಂತಿದೆ, ಇವರು ತಲೆ ತಿರುಗಿಸಿಬಿಟ್ಟಿದ್ದಾರೆ," ಅಂದರು ಸರಸಮ್ಮ.

ನನಗೆ ಮೈ ಜುಮ್ಮೆಂದಿತು. ಮರಿಯಪ್ಪನಿಗೆ ಅವಮಾನವಾಯಿತು.

"ಎತ್ಗಿರೋ ಗ್ಯಾನ ನಮ್ ಮುತ್ತಾತನ್ಗಿಲ್ವಲ್ಲ. ಮಕ ಇಲ್ದೋನ್ಗೆ ಎಡೆ ಎಂಗ್ ಇಕ್ಕಾದು?" ಅಂದವನೇ ಪೆಟ್ಟಿಗೆಯಲ್ಲಿ ಹುಡುಕಿ, ರುಮಾಲು ಸುತ್ತಿ ಗಿರಿಜಾಮೀಸೆ ಬಿಟ್ಟ ಒಬ್ಬನನ್ನು ಆರಿಸಿದ. ಹಿಂದುಗಡೆ 'ಹೆಸರು ತಿಳಿದಿಲ್ಲ' ಅಂತ ಬರೆದಿತ್ತು.

"ತಿಳಿದಿಲ್ಲ ಅಂದ್ಮೇಲೆ ನಮ್ಮೋನೂ ಆಗಿರ್ಬೋದಲ್ವೇನ್ರಮ್ಮ?"

ಇತಿಹಾಸ ಓದಿದ್ದ ಸರಸಮ್ಮನವರು ಆ ಬರಹವನ್ನು ಇನ್ನೊಮ್ಮೆ ಓದಿ, ಒಂದು ಪ್ರತಿ ತೆಗೆಸಿಕೊಟ್ಟರು.

ಆ ಪಿತೃಪಕ್ಷದಲ್ಲಿ ಮೀಸೆಯವನಿಗೆ ಹೊಸ ಪಂಚೆ, ಮುದ್ದೆ, ಬಾಡಿನ ಸಾರು ಎಲ್ಲ ಸಂದವು. ನೆಂಟರು ಕೈಮುಗಿದರು. ವೆಂಕಟಯ್ಯ ಮಾತ್ರ ಬಗ್ಗಿ ನೋಡಿ, "ಅಲ್ಲ ಕಣ್ಲಾ, ಎತ್ತೆಲ್ಲಿ?" ಅಂದ.

ಮುತ್ತಾತ ವೆಂಕಟಯ್ಯನಿಗೂ ಮುತ್ತಾತನೇ ಅನ್ನುವುದನ್ನು ನಮ್ಮ ಮರಿಯಪ್ಪ ಮರೆತಿದ್ದ.

"ಮೇಯಕ್ಕೋಗಿತ್ತು," ಅಂದ.

ನೆಂಟರು ಬಿದ್ದು ಬಿದ್ದು ನಕ್ಕರು. ಮರಿಯಪ್ಪ ಅವತ್ತು ತುತ್ತು ಎತ್ತಲಿಲ್ಲ. "ನಿಜವಾದೋನು ಆ ಪೆಟ್ಗೇಲಿ ಉಪಾಸ ಅವ್ನೆ," ಅಂದಾಗ ಅವನ ಕಣ್ಣು ತುಂಬಿತ್ತು. ಅಲ್ಲಿಯವರೆಗೆ ನಗುತ್ತಿದ್ದ ನನಗೂ ಸಂಕಟವಾಯಿತು.

ಮುಂದಿನ ವರ್ಷ ಸಾವನದುರ್ಗದ ಫೋಟೋದ ಪ್ರತಿಯೂ ಗೋಡೆಗೆ ಬಂತು. ಇನ್ನು ಆ ಮೀಸೆಯವನನ್ನು ಇಳಿಸು ಅಂತ ವೆಂಕಟಯ್ಯ ಹೇಳಿದ.

"ಒಂದ್ವರ್ಸ ಉಣ್ಸಿ, ಈಗ ಎದ್ದೋಗು ಅನ್ನಕ್ಕಾಯ್ತದಾ? ಅವ್ನ ಕಡೆಯೋರು ಎಲ್ಲವ್ರೋ ಏನೋ," ಅಂದ ಮರಿಯಪ್ಪ.

ಎರಡು ಎಲೆ ಹಾಕಿದರು. ಮರಿಯಪ್ಪನ ಹೆಂಡತಿ ಚಿನ್ನಮ್ಮ ಮೀಸೆಯವನ ಹಣೆಗೆ ಕುಂಕುಮವಿಟ್ಟು ಮುತ್ತಾತನ ಹತ್ತಿರ ಬಂದಳು. ಬೆರಳು ಅಲ್ಲೇ ನಿಂತಿತು. ಇಡಲು ಹಣೆಯೇ ಇರಲಿಲ್ಲ. ಪಕ್ಕದ ಎತ್ತಿನ ಹಣೆಗಿಟ್ಟಳು.

ವೆಂಕಟಯ್ಯನೂ ಆ ಎತ್ತಿಗೇ ಕೈಮುಗಿದ.