ತನುಜ ಮೂರು ಸಲ ಕಳಿಸಿದ ಎರಡು ಪುಟ

ಚಿಂತಾಮಣಿಯ ನಮ್ಮ ಬೀದಿಯಲ್ಲಿ ತನುಜ ಅಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಜೇಡದಮ್ಮ ಅಂದರೆ ಸಾಕು, ಎಲ್ಲರೂ ಅವಳು ಬಾಡಿಗೆಗಿದ್ದ ವೆಂಕಟರತ್ನಮ್ಮನವರ ಮಹಡಿಯ ಕಡೆ ಕೈ ತೋರಿಸುತ್ತಿದ್ದರು. "ನಾವು ಜೇಡ ಕಂಡ್ರೆ ಪೊರಕೆ ತಗೋತೀವಿ, ಈಯಮ್ಮ ಪೆನ್ನು ತಗೋತಾಳೆ" ಎಂದು ನಲ್ಲಿಯ ಹತ್ತಿರ ಹೆಂಗಸರು ನಗುತ್ತಿದ್ದರು. "ಮೂವತ್ನಾಲ್ಕಾಯ್ತು, ಇನ್ನೂ ಓದು ಮುಗೀಲಿಲ್ವಂತೆ" ಎನ್ನುವವರೂ ಇದ್ದರು. ಆಡಿಕೊಂಡವರೇ ಆಸ್ಪತ್ರೆಯ ಚೀಟಿ ಓದಿಸಲು ಅವಳ ಮೆಟ್ಟಿಲು ಹತ್ತುತ್ತಿದ್ದರು.

ಅವಳ ಊರು ಜಂಗಮಕೋಟೆ. ತಂದೆ ಗಂಗರಾಜು ಪೋಸ್ಟ್‌ಮ್ಯಾನ್ ಆಗಿದ್ದವರು. ಅವರ ಕೇರಿಯಿಂದ ಡಾಕ್ಟರೇಟಿಗೆ ಸೇರಿದವಳು ಇವಳೇ ಮೊದಲು. ಹಿಪ್ಪುನೇರಳೆ ತೋಟದ ಜೇಡಗಳು ಅವಳ ವಿಷಯ. ಆರು ವರ್ಷ, ವಾರಕ್ಕೆ ಎರಡು ದಿನ ಮೊದಲ ಬಸ್ಸು ಹಿಡಿದು, ಮೇಲೂರಿನ ಸುತ್ತಿನ ಹನ್ನೆರಡು ತೋಟಗಳಲ್ಲಿ ಎಲೆ ಮಗುಚಿ ಜೇಡ ಎಣಿಸಿದಳು. ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ದಿನಗಳಲ್ಲಿ ಸಾಕಣೆ ಮನೆಯವರು ಹೊರಗಿನವರನ್ನು ಹತ್ತಿರಕ್ಕೂ ಸೇರಿಸುವುದಿಲ್ಲ. "ಹತ್ತು ತೋಟ ಸುತ್ತಿ ಬರ್ತೀಯ, ನಮ್ಮ ಹುಳಕ್ಕೆ ರೋಗ ತರ್ತೀಯ, ಅಲ್ಲೇ ನಿಲ್ಲಮ್ಮ" ಎಂದು ಗದರುತ್ತಿದ್ದರು. ಅವಳು ನಿಲ್ಲುತ್ತಿದ್ದಳು. ಅವರೇ ಆಮೇಲೆ ಬೇಲಿಯಾಚೆಯಿಂದ ಮಜ್ಜಿಗೆ ಚೊಂಬು ನೀಡುತ್ತಿದ್ದರು.

ಎಣಿಸಿದ್ದನ್ನೆಲ್ಲ ಒಂದು ಸಾಫ್ಟ್‌ವೇರಿಗೆ ಹಾಕಬೇಕು. ಅದೇನು ಹೇಳುತ್ತೆ ಅಂತ ವೆಂಕಟರತ್ನಮ್ಮ ಒಮ್ಮೆ ಕೇಳಿದರು.

"ನಿಮ್ಮ ಡಬ್ಬದಲ್ಲಿ ಬರೀ ಹುರುಳಿ ಇದೆ ಅಂದ್ಕೊಳ್ಳಿ. ಎದುರು ಮನೆ ಡಬ್ಬದಲ್ಲಿ ಅವರೆ, ಅಲಸಂದೆ, ಹೆಸರು ಒಂದೊಂದು ಹಿಡಿ ಇದೆ. ಯಾವ ಡಬ್ಬದಲ್ಲಿ ಬಗೆ ಜಾಸ್ತಿ, ಎರಡೂ ಎಷ್ಟು ಹೋಲುತ್ವೆ ಅಂತ ಅದು ಹೇಳುತ್ತಮ್ಮ. ನಾನು ಕಾಳಿನ ಜಾಗಕ್ಕೆ ಜೇಡ ಹಾಕ್ದೆ, ಅಷ್ಟೆ."

"ಥೂ, ನನ್ನ ಡಬ್ಬಕ್ಕೆ ಮಾತ್ರ ಹಾಕ್ಬೇಡ ಕಣೇ!"

ಥೀಸಿಸ್‌ನಲ್ಲೂ ತನುಜ ಇದನ್ನೇ ತನ್ನ ಸರಳ ಇಂಗ್ಲಿಷಿನಲ್ಲಿ ಬರೆದಿದ್ದಳು. ಮಾರ್ಗದರ್ಶಕರಾದ ಮುನಿನಾರಾಯಣಪ್ಪ ಮೇಷ್ಟ್ರು ಓದಿ ನಕ್ಕರು. "ಚೆನ್ನಾಗಿದೆ ಕಣಮ್ಮ, ಆದ್ರೆ ಪರೀಕ್ಷಕರು ಒಪ್ಪಲ್ಲ. ನಮ್ಮ ವಿಭಾಗದಲ್ಲಿ ಎಲ್ರೂ ಹಾಕೋ ವಿವರಣೆ ಇದ್ಯಲ್ಲ, ಅದನ್ನೇ ಹಾಕು."

ಆ ಎರಡು ಪುಟ ಹಳಬರಿಂದ ಹೊಸಬರಿಗೆ ಮೊಸರಿನ ಹೆಪ್ಪಿನ ಹಾಗೆ ದಾಟುತ್ತ ಬಂದದ್ದು. ಮೊದಲು ಯಾರೋ ಸಾಫ್ಟ್‌ವೇರಿನವರ ವೆಬ್‌ಸೈಟಿನಿಂದ ಎತ್ತಿದ್ದರು. ಅವಳು ತನ್ನದನ್ನು ತೆಗೆದು ಅದನ್ನು ಹಾಕಿದಳು.

ವಿಶ್ವವಿದ್ಯಾಲಯದ ನಕಲು ಹಿಡಿಯುವ ಯಂತ್ರ ಅಧ್ಯಾಯ ಅಧ್ಯಾಯವಾಗಿ ನೋಡುತ್ತದೆ. ಬೇರೆಯವರ ಬರಹದ ಹೋಲಿಕೆ ನೂರಕ್ಕೆ ಹತ್ತರೊಳಗೆ ಇರಬೇಕು. ಹತ್ತು ಪುಟದ ಆ ಅಧ್ಯಾಯ ಇಪ್ಪತ್ತೊಂದು ತೋರಿಸಿತು. ಮೂರೇ ಸಲ ಅವಕಾಶ. ಮುಂದಿನ ಶುಕ್ರವಾರಕ್ಕೆ ಅವಳ ನೋಂದಣಿಯ ಅವಧಿಯೂ ಮುಗಿಯುತ್ತಿತ್ತು. "ಅರ್ಥ ಹಾಗೇ ಇರ್ಲಿ, ಪದ ಬದಲಾಯ್ಸು" ಎಂದರು ಮೇಷ್ಟ್ರು. ನಿಘಂಟು ಹಿಡಿದು ಕೂತಳು. 'ಅನಲೈಜ್' ಇದ್ದಲ್ಲಿ 'ಎಕ್ಸಾಮಿನ್', 'ಯೂಸ್' ಇದ್ದಲ್ಲಿ 'ಎಂಪ್ಲಾಯ್'. ಎರಡನೆಯ ಸಲ ಹದಿನಾಲ್ಕು ಬಂತು.

"ನಾನು ಮೊದಲು ಬರ್ದಿದ್ನಲ್ಲ ಸರ್, ಅದನ್ನೇ ಹಾಕ್ಲಾ?"

"ಉಳಿದಿರೋದು ಒಂದೇ ಸಲ. ಈಗ ಪ್ರಯೋಗ ಬೇಡಮ್ಮ."

ಬಸ್‌ಸ್ಟ್ಯಾಂಡಿನ ಹಿಂದೆ ಚಲಪತಿಯ ಡಿಟಿಪಿ ಅಂಗಡಿ. ಯಾವ ಪದಕ್ಕೆ ಯಾವ ಪದ ಎಂದು ಇಪ್ಪತ್ತು ವರ್ಷದಿಂದ ಬರೆದಿಟ್ಟುಕೊಂಡ ಉದ್ದನೆಯ ಪುಸ್ತಕ ಅವನ ಹತ್ತಿರ ಇತ್ತು. "ನನ್ನ ಕೈಲಿ ನಲವತ್ತು ಥೀಸಿಸ್ ದಾಟಿವೆ ಮೇಡಂ. ನಿಮ್ಮದು ನಲವತ್ತೊಂದು, ಸಿಹಿ ತಂದ್ಬಿಡಿ" ಎಂದ. ಮಧ್ಯಾಹ್ನದ ಊಟವನ್ನೂ ಬಿಟ್ಟು, ಮೂಲದ ಎರಡು ಪುಟವನ್ನೇ ಸಾಲು ಸಾಲಾಗಿ ತಿರುಗಿಸಿ ಬರೆದುಕೊಟ್ಟ. ಓದಿದಾಗ ಅವಳಿಗೇ ಅದು ಯಾರದೋ ಮಾತಿನಂತೆ ಕಂಡಿತು. ಆದರೂ ಕಳಿಸಿದಳು.

ಹದಿನೆಂಟು ಬಂತು.

ಈ ಸಲ ಯಂತ್ರದ ವರದಿಯಲ್ಲಿ ಕೆಂಪು ಗೆರೆ ಬಿದ್ದದ್ದು ವೆಬ್‌ಸೈಟಿನ ಹೋಲಿಕೆಗಲ್ಲ. ಗೌರಿಬಿದನೂರಿನ ಯಾಮಿನಿ ಎಂಬವಳ ಥೀಸಿಸ್ಸಿಗೆ ಸಾಲಿಗೆ ಸಾಲು ಹೊಂದಿತ್ತು. ತನುಜ ಆ ಹಾಳೆ ತಂದು ಚಲಪತಿಯ ಮುಂದೆ ಇಟ್ಟಳು. ಅವನು ಕನ್ನಡಕ ಏರಿಸಿ ಎರಡು ಸಲ ಓದಿದ. ಕಂಪ್ಯೂಟರಿನಲ್ಲಿ ಹಳೆಯ ಫೈಲು ತೆಗೆದ. ಆ ಯಾಮಿನಿಯೂ ಅದೇ ವಿಭಾಗದ ಹುಡುಗಿ, ತಂದಿದ್ದೂ ಅದೇ ಎರಡು ಪುಟ. ಎರಡು ವರ್ಷದ ಹಿಂದೆ ಇವನೇ, ಇದೇ ಪುಸ್ತಕ ನೋಡಿ, ಇದೇ ಪದಗಳನ್ನು ಹಾಕಿಕೊಟ್ಟಿದ್ದ.

"ನಾನೇ ಮೇಡಂ... ಒಂದಕ್ಕೆ ಒಂದೇ ಪದ ಬರ್ಕೊಂಡಿದೀನಲ್ಲ."

ತನುಜ ಹಾಳೆ ಮಡಿಸಿಕೊಂಡಳು. ಯಾರನ್ನು ಬೈಯುವುದು? ಮೇಷ್ಟ್ರು ಅವಳ ಎದುರಿಗೇ ಎಲ್ಲೆಲ್ಲಿಗೋ ಫೋನ್ ಮಾಡಿದರು. "ಜೇಡ ಎಣಿಸಿದ್ದೆಲ್ಲ ಅವಳದೇ ಸ್ವಾಮಿ, ಎರಡು ಪುಟ ಅಷ್ಟೆ" ಎಂದು ಬೇಡಿದರು. ಆ ಕಡೆಯವರು ಮರ್ಯಾದೆಯಿಂದಲೇ ನಿಯಮ ಓದಿ ಹೇಳಿದರು. ಶುಕ್ರವಾರ ಕಳೆಯಿತು, ನೋಂದಣಿಯೂ ಹೋಯಿತು. ಬೇಕಾದರೆ ಹೊಸದಾಗಿ, ಬೇರೆ ವಿಷಯಕ್ಕೆ, ಮೊದಲಿನಿಂದ ಸೇರಬಹುದಂತೆ.

ಓದಿಗೆಂದು ಹಿಡಿದಿದ್ದ ಮಹಡಿಯ ಕೋಣೆ ಅದು. ಭಾನುವಾರ ಖಾಲಿ ಮಾಡಿದಳು. ವೆಂಕಟರತ್ನಮ್ಮ ಅರಿಶಿನ ಕುಂಕುಮ ಕೊಟ್ಟು, "ಆ ಡಬ್ಬದ ಕಥೆನೇ ಬರ್ಕೊಡ್ತೀನಿ ಅನ್ನೇ. ತಗೊಳ್ಳಲ್ವಾ?" ಎಂದರು.

"ಇನ್ನು ಏನು ಬರೆದ್ರೂ ತಗೊಳ್ಳಲ್ಲಮ್ಮ."

ಎಣಿಕೆಯ ಹಾಳೆಗಳ ಎರಡು ರಟ್ಟಿನ ಪೆಟ್ಟಿಗೆಗಳನ್ನು ಚಲಪತಿಯೇ ಹೊತ್ತು ಆಟೋಗೆ ಇಟ್ಟ, ತಲೆ ಎತ್ತದೆ. ಅವಳು ಮೆಟ್ಟಿಲಿಳಿದು ಬಂದು ಪೆಟ್ಟಿಗೆಗಳ ನಡುವೆ ಕೂತಳು. ಆಟೋದವನು ಯಾವ ಬಸ್ಸಿಗೆ ಎಂದು ಕೇಳಿದ. ಜಂಗಮಕೋಟೆ ಬಸ್ಸಿಗೆ ಎಂದು ಅವಳು ಪೆಟ್ಟಿಗೆಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.